ಎಂಟಡಿ ಹಲಗೆ ಮೇಲೆ ಅರಸಾಳು

ಮೊನ್ನೆ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೈಗೆ ಬಂದಿತ್ತಷ್ಟೆ, ಬಾಗಿಲು ಬಡಿದ ಸದ್ದು. ತೆರೆದು ನೋಡಿದರೆ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ. ಕೂದಲು ಹೀರೋ ಥರ, ಚಪ್ಪಲಿ ನಮ್ಮ ನಿಮ್ಮ ಥರ.

"ಸಾರ್, ನಿಮ್ಮ ಅಂಕಣ ವಾರಾ ವಾರಾ ಓದ್ತೀನಿ. ನಾನೂ ಒಂದು ಪುಟ್ಟ ಸಿನಿಮಾ ಮಾಡ್ತಿದ್ದೀನಿ. ಇದೊಂದು ಷಾಟ್ ನೋಡಿ ಹೇಳಿ" ಎಂದು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದ.

ನೋಡಿದೆ. ರೈಲು ಹಳಿ. ಹಳಿಯ ಪಕ್ಕ ಇವನೇ ನಿಂತಿದ್ದಾನೆ. ಹಿಂದಿನಿಂದ ಎಕ್ಸ್‌ಪ್ರೆಸ್ ಗಾಡಿ ಬರ್ತಿದೆ. ಇವನು ತಿರುಗಿಯೂ ನೋಡದೆ ಕನ್ನಡಕ ಸರಿಮಾಡಿಕೊಳ್ತಾನೆ. ಗಾಡಿ ಭೋರೆಂದು ಹಾದು ಹೋಗುತ್ತದೆ. ಇವನಿಗೂ ಬೋಗಿಗೂ ನಡುವೆ ಇದ್ದ ಜಾಗ ಒಂದು ಮೊಳವೋ, ಒಂದೂವರೆ ಮೊಳವೋ.

"ಇದು ಬರೀ ಟ್ರಯಲ್ ಸಾರ್. ಕ್ಲೈಮ್ಯಾಕ್ಸ್‌ನಲ್ಲಿ ಹಳಿ ಮಧ್ಯದಲ್ಲೇ ನಿಂತ್ಕೋತೀನಿ. ಕೊನೇ ಸೆಕೆಂಡ್‌ನಲ್ಲಿ ಜಂಪ್. ಬರೋ ಭಾನುವಾರ ಇಟ್ಕೊಂಡಿದ್ದೀವಿ."

ನನ್ನ ಕಾಫಿ ಅಲ್ಲೇ ತಣ್ಣಗಾಯಿತು.

ಬೈಯಬಹುದಿತ್ತು. ಆದರೆ ಮಿತ್ರರೇ, ನಾನೂ ಆ ವಯಸ್ಸಿನಲ್ಲಿ ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆದವನು. ಬೈದವರ ಮಾತನ್ನು ನಾನು ಒಂದು ದಿನವೂ ಕೇಳಿಲ್ಲ. ಅದಕ್ಕೇ ಇನ್ನೊಂದು ಲೋಟ ಕಾಫಿ ತರಿಸಿ, "ಬಾರಪ್ಪ, ನಿನಗೊಂದು ರೈಲ್ವೆ ಸ್ಟೇಷನ್ ತೋರಿಸ್ತೀನಿ" ಎಂದು ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ.

ಬೆಟ್ಟದೊಳಗೆ ಹಳೇ ಹೀರೋಗಳು

ನನ್ನ ಈ ಹುಚ್ಚಿನ ಬಗ್ಗೆ ಇದುವರೆಗೆ ಈ ಪುಟದಲ್ಲಿ ಬಾಯಿ ಬಿಟ್ಟಿರಲಿಲ್ಲ. ಹಿಂದಿನ ಕೋಣೆಯಲ್ಲಿ ಎಂಟಡಿ ಉದ್ದ, ಎರಡಡಿ ಅಗಲದ ಹಲಗೆಯ ಮೇಲೆ ನಾನೊಂದು ಊರು ಕಟ್ಟಿದ್ದೇನೆ. ಹಳಿ ಇದೆ, ಪ್ಲಾಟ್‌ಫಾರಂ ಇದೆ, ಹೆಂಚಿನ ಸ್ಟೇಷನ್ ಇದೆ, ಹಿಂದೆ ಮಲೆನಾಡಿನ ಕಾಡು. ಗುರುತು ಸಿಕ್ಕಿತೆ? ಅರಸಾಳು! ಶಿವಮೊಗ್ಗ–ತಾಳಗುಪ್ಪ ಹಾದಿಯ ಆ ಪುಟ್ಟ ಸ್ಟೇಷನ್ನನ್ನೇ ನಮ್ಮ ಶಂಕರ್‌ನಾಗ್ 1980ರ ದಶಕದಲ್ಲಿ 'ಮಾಲ್ಗುಡಿ ಡೇಸ್'ಗಾಗಿ ಮಾಲ್ಗುಡಿ ಮಾಡಿದ್ದು. ಆಗ ಅಲ್ಲಿದ್ದದ್ದು ಮೀಟರ್ ಗೇಜ್ ಹಳಿ. ಈಗ ಬ್ರಾಡ್ ಗೇಜ್ ಬಂದಿದೆ. ಹಳೇ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ನನ್ನ ಹಲಗೆಯ ಮೇಲೆ ಮಾತ್ರ ಇನ್ನೂ ಮೀಟರ್ ಗೇಜೇ ಓಡುತ್ತಿದೆ.

ಶುರು ಮಾಡಿದಾಗ ನನಗೂ ಎಲ್ಲರ ಹಾಗೆ ರೈಲು ಗುಂಡಗೆ ಸುತ್ತು ಹೊಡೀಬೇಕು ಅನ್ನೋ ಆಸೆ. ಅದಕ್ಕೆ ಎಂಟಡಿ ನಾಲ್ಕಡಿಯ ಪೂರಾ ಪ್ಲೈವುಡ್ ಬೇಕು. ಗೋಡೆಗೆ ತಾಗಿಸಿ ಇಟ್ಟರೆ ಆ ತುದಿಯಲ್ಲಿ ಬಿದ್ದ ಬೋಗಿಗೆ ಕೈ ಎಟುಕೋದಿಲ್ಲ. ಮನೆಯಾಕೆಯ ಬಟ್ಟೆ ಕಪಾಟು ಬೇರೆ ಹೊರಗೆ ಹೋಗಬೇಕು. ಅದು ಹೊರಗೆ ಹೋದರೆ ಅದರ ಹಿಂದೆ ನಾನೂ ಹೋಗಬೇಕು!

ದಾರಿ ತೋರಿಸಿದವರು ನಮ್ಮಪ್ಪ. ಅವರು ಮೀಟರ್ ಗೇಜ್ ಕಾಲದಲ್ಲಿ ಪಾಯಿಂಟ್ಸ್‌ಮನ್ ಆಗಿ ರಿಟೈರ್ ಆದವರು. ಈಗ ಮಾತು ಕಡಿಮೆ. ಬಾಗಿಲಲ್ಲಿ ನಿಂತು ನನ್ನ ನಕ್ಷೆ ನೋಡಿ, "ರೈಲು ಎಲ್ಲಾದರೂ ಗಾಣದ ಎತ್ತಿನ ಹಾಗೆ ಸುತ್ತುತ್ತೇನೋ? ಬರುತ್ತೆ, ನಿಲ್ಲುತ್ತೆ, ಹೋಗುತ್ತೆ. ಅಷ್ಟೆ" ಎಂದರು. ಅಲ್ಲಿಗೆ ಲೆಕ್ಕ ಬಗೆಹರಿಯಿತು. ಎರಡಡಿ ಅಗಲದ ಹಲಗೆ ಸಾಕು. ಐದಡಿ ಸ್ಟೇಷನ್, ಉಳಿದ ಮೂರಡಿ ಬೆಟ್ಟದ ಹಿಂದೆ ಮರೆ. ಒಂದು ಇಂಜಿನ್, ಎರಡು ಬೋಗಿ, ಒಟ್ಟು ಮೂರಡಿ. ರೈಲು ಬೆಟ್ಟದ ಹಿಂದಿನಿಂದ ಬಂದು ನಿಂತು ಮತ್ತೆ ಬೆಟ್ಟದ ಹಿಂದೆ ಮಾಯ. ನಾಟಕದ ಸೈಡ್‌ವಿಂಗ್ ಇದ್ದ ಹಾಗೆ.

ಇನ್ನು ಅಳತೆ. ಅಂಗಡಿಯಲ್ಲಿ ಸಿಗೋ ಸಾಮಾನ್ಯ ಬೊಂಬೆ ಹಳಿಯ ಎರಡು ಕಂಬಿಗಳ ನಡುವೆ 16.5 ಮಿಲಿಮೀಟರ್ ಜಾಗ. ವಿದೇಶದವರು ಅದನ್ನು ತಮ್ಮ ಹಳಿಯ 87ನೇ ಒಂದು ಪಾಲು ಅಂತ ಮಾಡಿಕೊಂಡದ್ದು. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. ಆ ಲೆಕ್ಕಕ್ಕೆ ಕೂರೋದಿಲ್ಲ. ಆದರೆ ಮೀಟರ್ ಗೇಜ್ ಅಂದರೆ 1000 ಮಿಲಿಮೀಟರ್. 60ರಿಂದ ಭಾಗಿಸಿ ನೋಡಿ, ಹೆಚ್ಚೂ ಕಡಿಮೆ 16.5! ಅಂದರೆ ಎಲ್ಲವನ್ನೂ ಅರುವತ್ತನೇ ಒಂದು ಪಾಲು ಮಾಡಿದರೆ ಅದೇ ಹಳಿ ನಮ್ಮ ಮೀಟರ್ ಗೇಜ್ ಆಗುತ್ತದೆ. ನಿಜವಾದ ಒಂದು ಅಡಿಗೆ ಹಲಗೆಯ ಮೇಲೆ 5 ಮಿಲಿಮೀಟರ್. ಆರಡಿ ಮನುಷ್ಯ 30 ಮಿಲಿಮೀಟರ್. ಅರುವತ್ತಡಿಯ ಬೋಗಿ ಒಂದಡಿ. ಶಾಲೆಯ ಸ್ಕೇಲ್ ಸಾಕು.

ಇಂಜಿನ್ನಿಗೆ ಗೆಳೆಯನೊಬ್ಬನ ಹತ್ತಿರ ಸಿಕ್ಕ ಹಳೇ ಬೊಂಬೆ ಇಂಜಿನ್ನಿನ ಚಕ್ರ, ಮೋಟಾರು. ಮೇಲಿನ ಮೈಯೆಲ್ಲಾ ನನ್ನ ಕೈಕೆಲಸ. ಬಾಯ್ಲರ್‌ಗೆ ವೈರಿಂಗಿನವರು ಬಳಸೋ 25 ಮಿಲಿಮೀಟರ್ ಪಿವಿಸಿ ಪೈಪು, ಕ್ಯಾಬಿನ್ನಿಗೆ ಮದುವೆ ಕಾಗದದ ದಪ್ಪ ರಟ್ಟು. ಹಳೇ ಇಂಜಿನ್ ಹೇಗಿರುತ್ತೆ ಅಂತ ಹತ್ತಿರದಿಂದ ನೋಡಬೇಕಾದರೆ ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಿ. 1979ರಿಂದ ಇದೆ. ನಾನು ಅಲ್ಲಿ ಎರಡು ದಿನ ಟೇಪು, ನೋಟ್‌ಬುಕ್ ಹಿಡಿದು ಕೂತಿದ್ದೆ.

ಬೆಟ್ಟಕ್ಕೆ ಥರ್ಮಾಕೋಲ್. ಅದರ ಮೇಲೆ ಕಾಗದದ ಚೂರುಗಳನ್ನು ಮೈದಾ ಗಂಜಿಯಲ್ಲಿ ಅದ್ದಿ ಪದರ ಪದರವಾಗಿ ಅಂಟಿಸಬೇಕು. ಗಂಜಿಗೆ ಚೂರು ಮೈಲುತುತ್ತ ಬೆರೆಸಿದರೆ ಹುಳ ಹತ್ತೋದಿಲ್ಲ. (ಅದು ವಿಷ, ಅಡಿಗೆ ಪಾತ್ರೆ ಬೇಡ, ಕೈ ತೊಳೆಯೋದು ಮರೀಬೇಡಿ.) ಈ ವಿದ್ಯೆ ನನಗೆ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ, ನಮ್ಮೂರಿನ ಗೋಡೆಗೆ ಸಿನಿಮಾ ಪೋಸ್ಟರ್ ಅಂಟಿಸುತ್ತಿದ್ದವನು. ಕಾಗದ ಯಾವುದು ಅಂತೀರಾ? ಗೆದ್ದಲು ತಿಂದು ಉಳಿದಿದ್ದ ನನ್ನ ಹಳೇ ಸಿನಿಮಾ ವಾರಪತ್ರಿಕೆಗಳು. ನನ್ನ ಅರಸಾಳಿನ ಬೆಟ್ಟ ಅಗೆದರೆ ಒಳಗೆ ಎಪ್ಪತ್ತರ ದಶಕದ ಅರ್ಧ ಗಾಂಧಿನಗರ ಸಿಗುತ್ತದೆ!

ಹಳಿಯ ಜಲ್ಲಿಗೆ ಕಲ್ಲುಪುಡಿಯನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದೆ. ಫೆವಿಕಾಲಿಗೆ ಅಷ್ಟೇ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಬೆರೆಸಿ ಇಂಕ್ ಫಿಲ್ಲರ್‌ನಲ್ಲಿ ಹನಿ ಹನಿಯಾಗಿ ಬಿಟ್ಟೆ. ಸೋಪು ಹಾಕದಿದ್ದರೆ ಅಂಟು ಮೇಲೇ ಗುಂಡಗೆ ನಿಲ್ಲುತ್ತದೆ, ಒಳಗೆ ಇಳಿಯೋದಿಲ್ಲ. ಹುಲ್ಲಿಗೆ ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿದ ಗರಗಸದ ಪುಡಿ. ಮರಕ್ಕೆ ಸುಟ್ಟುಹೋದ ಮೋಟಾರಿನ ತಾಮ್ರದ ತಂತಿ ಹೊಸೆದದ್ದು. ಕಂಬಿಯ ಪಕ್ಕಕ್ಕೆ ತುಕ್ಕಿನ ಬಣ್ಣ ಬಳಿಯೋದು ಮರೀಬೇಡಿ. ಬೊಂಬೆ ಹಳಿ ನಿಜವಾದ ಹಳಿಯಾಗೋದು ಆ ಘಳಿಗೆಯಲ್ಲೇ.

ಕರೆಂಟು ಬರೀ 12 ವೋಲ್ಟ್, ಡಿ.ಸಿ. ಒಂದು ಕಂಬಿಯಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್. ಅದಲು ಬದಲು ಮಾಡಿದರೆ ಇಂಜಿನ್ ಹಿಂದಕ್ಕೆ ಓಡುತ್ತದೆ. ಒಳ್ಳೇ ಅಡಾಪ್ಟರ್ ಕೊಳ್ಳಿ. ಗೋಡೆಯ ಕರೆಂಟಿಗೆ ನೇರವಾಗಿ ಏನನ್ನೂ ಸಿಕ್ಕಿಸಬೇಡಿ. ರೈಲು ತಡವರಿಸಿದರೆ ಮೋಟಾರು ಬಿಚ್ಚುವ ಮುಂಚೆ ಕಂಬಿ ಒರೆಸಿ. ಹತ್ತರಲ್ಲಿ ಒಂಬತ್ತು ಸಲ ಧೂಳೇ ಖಳನಾಯಕ.

"ಇದು ಬೊಂಬೆ ಆಟ ಸಾರ್"

ಹುಡುಗ ಎಲ್ಲಾ ನೋಡಿದ. ಚೆನ್ನಾಗಿದೆ ಎಂದ. ಆಮೇಲೆ ಮುಖ ಸಪ್ಪಗೆ ಮಾಡಿ, "ಆದ್ರೆ ಇದು ಬೊಂಬೆ ಆಟ ಸಾರ್. ಸಿನಿಮಾ ಬೇರೆ. 'ಶೋಲೆ' ನಿಜವಾದ ರೈಲಲ್ಲೇ ಮಾಡ್ಲಿಲ್ವಾ?"

ಮಾಡಿದರು. 1975ರ 'ಶೋಲೆ'ಯ ರಾಮಗಢ ನಮ್ಮ ರಾಮನಗರದ ಬಂಡೆಗಳ ನಡುವೆ ಎದ್ದದ್ದು ಎಲ್ಲರಿಗೂ ಗೊತ್ತು. ರೈಲಿನ ದೃಶ್ಯ ಮಾತ್ರ ಅಲ್ಲಿಯದಲ್ಲ, ಮುಂಬೈ–ಪುಣೆ ಹಾದಿಯಲ್ಲಿ ಪನ್ವೇಲ್ ಹತ್ತಿರದ್ದು. ವಾರಗಟ್ಟಲೆ ಷೂಟಿಂಗ್. ಗಾಡಿ ಅವರ ಕೈಯಲ್ಲಿತ್ತು. ನಿಲ್ಲು ಅಂದರೆ ನಿಲ್ಲುತ್ತಿತ್ತು. ನಿನ್ನ ಎಕ್ಸ್‌ಪ್ರೆಸ್ ನಿನ್ನ ಮಾತು ಕೇಳುತ್ತದಾ? ಗಂಟೆಗೆ ನೂರು ಕಿಲೋಮೀಟರ್ ಅಂದರೆ ಸೆಕೆಂಡಿಗೆ 28 ಮೀಟರ್. ನೀನು 'ಜಂಪ್' ಅಂತ ಯೋಚಿಸೋ ಅರ್ಧ ಸೆಕೆಂಡಿನಲ್ಲಿ ಅದು 14 ಮೀಟರ್ ಬಂದಾಯಿತು. ಡ್ರೈವರ್ ನಿನ್ನನ್ನು ನೋಡಿ ಬ್ರೇಕ್ ಹಾಕಿದರೂ ಗಾಡಿ ನಿಲ್ಲೋದು ನಿನ್ನನ್ನು ದಾಟಿ ನೂರಾರು ಮೀಟರ್ ಆಚೆ. ಅಪ್ಪಣೆಯಿಲ್ಲದೆ ಹಳಿಗೆ ಕಾಲಿಟ್ಟರೆ 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ ಬೇರೆ.

ಬೊಂಬೆ ಆಟ ಅಂದೆಯಲ್ಲ, ಕೇಳು. 1938ರಲ್ಲಿ ಹಿಚ್‌ಕಾಕ್ 'ದ ಲೇಡಿ ವ್ಯಾನಿಷಸ್' ಶುರುಮಾಡಿದ್ದೇ ಪುಟ್ಟ ಬೊಂಬೆ ಊರಿನ ಮೇಲೆ. ಹಿಮ ಬಿದ್ದ ಸ್ಟೇಷನ್, ರೈಲು, ಮನೆಗಳು ಎಲ್ಲಾ ಮಾಡೆಲ್ಲೇ. 1990ರ 'ಬ್ಯಾಕ್ ಟು ದ ಫ್ಯೂಚರ್' ಮೂರನೇ ಭಾಗದಲ್ಲಿ ಕಮರಿಗೆ ಬೀಳುವ ಇಂಜಿನ್ನೂ ಮಾಡೆಲ್ಲೇ. ನಿಜವಾದ ಇಂಜಿನ್ ಬೀಳಿಸಿದವರೂ ಇದ್ದಾರೆ. 1926ರ 'ದ ಜನರಲ್'ನಲ್ಲಿ ಬಸ್ಟರ್ ಕೀಟನ್ ಉರಿಯುವ ಸೇತುವೆಯಿಂದ ನಿಜವಾದ ಇಂಜಿನ್ನನ್ನೇ ಹೊಳೆಗೆ ಬೀಳಿಸಿದ. ಆದರೆ ಬೀಳುವಾಗ ಅದರಲ್ಲಿ ಮನುಷ್ಯರಿರಲಿಲ್ಲ!

ಹಾಗಾದರೆ ಎಲ್ಲಾ ಬೊಂಬೆಯೂ ತೆರೆಯ ಮೇಲೆ ಯಾಕೆ ನಿಜ ಅನ್ನಿಸೋದಿಲ್ಲ? ಇಲ್ಲೇ ಗುಟ್ಟು ಇರೋದು. ಅರುವತ್ತಡಿ ಎತ್ತರದಿಂದ ಒಂದು ವಸ್ತು ನೆಲಕ್ಕೆ ಬೀಳೋಕೆ ಸುಮಾರು 2 ಸೆಕೆಂಡ್ ಬೇಕು. ನನ್ನ ಹಲಗೆಯ ಮೇಲೆ ಅರುವತ್ತಡಿ ಅಂದರೆ ಒಂದಡಿ. ಒಂದಡಿಯಿಂದ ಕಾಲು ಸೆಕೆಂಡಿಗೇ ಟಪ್ ಅಂತ ಬೀಳುತ್ತದೆ. ಅದಕ್ಕೇ ಪ್ರೇಕ್ಷಕ 'ಅಯ್ಯೋ, ಬೆಂಕಿಪೆಟ್ಟಿಗೆ ಬಿತ್ತು' ಅಂತಾನೆ. ಆ ಕಾಲು ಸೆಕೆಂಡನ್ನು ಎಂಟು ಪಟ್ಟು ಎಳೆದರೆ ಭಾರ ಬರುತ್ತದೆ. ಎಷ್ಟು ಪಟ್ಟು ಎಳೀಬೇಕು ಅನ್ನೋದಕ್ಕೆ ಛಾಯಾಗ್ರಾಹಕರ ಹಳೇ ಸೂತ್ರ ಇದೆ: ಅಳತೆಯ ವರ್ಗಮೂಲ. 60ರ ವರ್ಗಮೂಲ ಸುಮಾರು 7.7. ಮಾಮೂಲು 24 ಫ್ರೇಮಿನ ಬದಲು ಸೆಕೆಂಡಿಗೆ ಸುಮಾರು 186 ಫ್ರೇಮು ಓಡಿಸಬೇಕು. ಆಗಿನ ಕಾಲಕ್ಕೆ ಅದಕ್ಕೆ ದೊಡ್ಡ ಕ್ಯಾಮರಾ, ದೊಡ್ಡ ದುಡ್ಡು. ಈಗ? ಹಲವು ಫೋನುಗಳ ಸ್ಲೋ ಮೋಷನ್‌ನಲ್ಲಿ 240 ಫ್ರೇಮು ಇದೆ. 30ರಲ್ಲಿ ತೋರಿಸಿದರೆ ಸರಿಯಾಗಿ ಎಂಟು ಪಟ್ಟು!

ಹುಡುಗನ ಕಣ್ಣು ಅಗಲವಾಯಿತು. ಜೇಬಿನಿಂದ ಫೋನು ತೆಗೆದ. ಹಲಗೆಯ ಕಡೆಗೆ ಮೊದಲ ಸಲ ಕ್ಯಾಮರಾದವನ ಕಣ್ಣಿನಿಂದ ನೋಡಿದ.

ಮೂವತ್ತು ಮಿಲಿಮೀಟರ್ ಎತ್ತರದ ಕಣ್ಣು

ಮೊದಲ ನಾಲ್ಕು ಷಾಟೂ ಫ್ಲಾಪ್. ನಿಂತುಕೊಂಡು ಮೇಲಿನಿಂದ ತೆಗೆದದ್ದು. ರೈಲನ್ನು ನಾವು ಯಾವಾಗಲಾದರೂ ಮೋಡದ ಮೇಲಿಂದ ನೋಡಿದ್ದೀವಾ? ಪ್ಲಾಟ್‌ಫಾರಂ ಮೇಲೆ ನಿಂತವನ ಕಣ್ಣು ನನ್ನ ಲೆಕ್ಕದಲ್ಲಿ 28 ಮಿಲಿಮೀಟರ್ ಎತ್ತರ. ಫೋನನ್ನು ತಲೆಕೆಳಗು ಹಿಡಿದರೆ ಲೆನ್ಸು ಹಲಗೆಗೆ ತಾಗುವಷ್ಟು ಕೆಳಗೆ ಬರುತ್ತದೆ. ಹಾಗೆ ಹಿಡಿದು ನೋಡಿದ ಹುಡುಗ "ಅಬ್ಬಾ!" ಎಂದ. ಒಂದಡಿಯ ಬೋಗಿ ಆಕಾಶದಷ್ಟಾಗಿತ್ತು.

ಎರಡನೇ ತಪ್ಪು ದೀಪದ್ದು. ಕೋಣೆಯ ಟ್ಯೂಬ್‌ಲೈಟ್, ಟೇಬಲ್ ಲ್ಯಾಂಪ್, ಕಿಟಕಿ, ಮೂರೂ ಕಡೆ ನೆರಳು. ಊರಿಗೆ ಸೂರ್ಯ ಒಬ್ಬನೇ. ಎಲ್ಲಾ ಆರಿಸಿ, ದೂರದಲ್ಲಿ ಒಂದೇ ಒಂದು ಬಲ್ಬು ಇಟ್ಟೆವು.

ಮೂರನೆಯದು ವೇಗ. ಓಡುವ ರೈಲಿಗೆ ಸ್ಲೋ ಮೋಷನ್ ಬೇಕಾಗಿಲ್ಲ. ಬೀಳುವುದಕ್ಕೆ, ಹೊಗೆಗೆ, ನೀರಿಗೆ ಮಾತ್ರ ಅದು. ಗಂಟೆಗೆ 48 ಕಿಲೋಮೀಟರಿನ ಪ್ಯಾಸೆಂಜರ್ ಗಾಡಿ ನನ್ನ ಹಲಗೆಯ ಮೇಲೆ ಸೆಕೆಂಡಿಗೆ 22 ಸೆಂಟಿಮೀಟರ್ ಹೋದರೆ ಸಾಕು. ಐದಡಿ ಸ್ಟೇಷನ್ ದಾಟೋಕೆ ಏಳು ಸೆಕೆಂಡ್. ಹುಡುಗ ಒಂದೂವರೆ ಸೆಕೆಂಡಿನಲ್ಲಿ ಓಡಿಸಿದ್ದ. ಲೆಕ್ಕ ಹಾಕಿದರೆ ಗಂಟೆಗೆ ಇನ್ನೂರು ಕಿಲೋಮೀಟರಿಗೂ ಮೇಲೆ. ಅರಸಾಳಿನಲ್ಲಿ!

ಐದನೇ ಷಾಟಿಗೆ ರೆಡಿಯಾದೆವು. ಅಷ್ಟರಲ್ಲಿ ಬಾಗಿಲಿನಿಂದ ಅಪ್ಪನ ದನಿ:

"ಸಿಗ್ನಲ್ ಎಲ್ಲೋ? ಸಿಗ್ನಲ್ ಬೀಳದೆ ಗಾಡಿ ಹೇಗೆ ಒಳಗೆ ತಗೋತೀಯ?"

ನೋಡಿದರೆ ಕೈಮರ ಅಡ್ಡವೇ ನಿಂತಿತ್ತು. ತಗಡಿನಲ್ಲಿ ಅದನ್ನು ಕತ್ತರಿಸಿ ಮಾಡಿಕೊಟ್ಟವರು ಅವರೇ. ಕೈ ಅಡ್ಡ ಇದ್ದರೆ ನಿಲ್ಲು, ಕೆಳಗೆ ಬಾಗಿದರೆ ಬಾ. ಸಿನಿಮಾದಲ್ಲಿ ಯಾರೂ ನೋಡೋಲ್ಲ ಅಪ್ಪ ಎಂದೆ. "ಡ್ರೈವರ್ ನೋಡ್ತಾನೆ" ಎಂದರು.

ಹುಡುಗ ಉತ್ಸಾಹದಿಂದ ತನ್ನ ಮೊದಲಿನ ಟ್ರಯಲ್ ಷಾಟನ್ನು ಅವರಿಗೂ ತೋರಿಸಿದ. "ತಾತ, ಇದು ನಾನೇ." ಅಪ್ಪ ಕನ್ನಡಕ ಹಾಕಿಕೊಂಡು ಪೂರಾ ನೋಡಿದರು. ಫೋನು ವಾಪಸ್ ಕೊಟ್ಟು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಆಡಿದ ಮಾತನ್ನು ಇಷ್ಟು ವರ್ಷ ನನ್ನ ಮುಂದೆಯೂ ಆಡಿರಲಿಲ್ಲ.

"ನಾನು ನೈಟ್ ಡ್ಯೂಟಿಲಿದ್ದೆ. ನಿನ್ನಷ್ಟೇ ಹುಡುಗ. ಸೆಕೆಂಡ್ ಷೋ ಮುಗಿಸ್ಕೊಂಡು ಹತ್ತಿರದ ದಾರಿ ಅಂತ ಹಳಿ ಮೇಲೆ ನಡ್ಕೊಂಡು ಬರ್ತಿದ್ದ. ಹಾಡು ಹೇಳ್ಕೊಂಡು ಬರ್ತಿದ್ನಂತೆ, ಗಾಡಿ ಸದ್ದು ಕೇಳ್ಸಿಲ್ಲ. ಪೊಲೀಸ್ನೋರು ಬರೋ ತನಕ ಅಲ್ಲಿ ಯಾರಾದ್ರೂ ಇರ್ಬೇಕಲ್ಲ. ಬೆಳಗಾಗೋ ತನಕ ಲ್ಯಾಂಪ್ ಹಿಡ್ಕೊಂಡು ನಾನೇ ಕೂತಿದ್ದೆ. ಜೇಬಲ್ಲಿ ಅರ್ಧ ಟಿಕೆಟ್ ಇತ್ತು. ಅವರಮ್ಮ ಬಂದು, ಅದು ಯಾವ ಸಿನಿಮಾ ಅಂತ ನನ್ನ ಕೇಳಿದ್ರು. ನನಗೆ ಗೊತ್ತಿರಲಿಲ್ಲ."

ಕೋಣೆಯಲ್ಲಿ ಸದ್ದಿಲ್ಲ.

ಮಿತ್ರರೇ, ನನ್ನ ಹರೆಯದಲ್ಲಿ ಅಪ್ಪ ನನಗೆ ಸೆಕೆಂಡ್ ಷೋಗೆ ಒಂದು ದಿನವೂ ಕಳಿಸಲಿಲ್ಲ. ಮ್ಯಾಟಿನಿಗೆ ತಾವೇ ದುಡ್ಡು ಕೊಡುತ್ತಿದ್ದರು, ರಾತ್ರಿ ಆಟ ಅಂದರೆ ಬೆಲ್ಟು ತೆಗೆಯುತ್ತಿದ್ದರು. ಅವರಿಗೆ ಸಿನಿಮಾ ಕಂಡರೆ ಆಗೋದಿಲ್ಲ, ನನ್ನ ಸಂತೋಷ ಕಂಡರೆ ಆಗೋದಿಲ್ಲ ಅಂತ ನಲವತ್ತು ವರ್ಷ ಮನಸ್ಸಿನಲ್ಲೇ ಕೋಪ ಇಟ್ಟುಕೊಂಡಿದ್ದೆ. ನಮ್ಮ ಮನೆಯಿಂದ ಟಾಕೀಸಿಗೆ ಹತ್ತಿರದ ದಾರಿ ಯಾವುದಾಗಿತ್ತು ಅನ್ನೋದು ಮೊನ್ನೆ ಭಾನುವಾರ ನೆನಪಿಗೆ ಬಂತು.

ರೈಲಿಲ್ಲದ ರೈಲು

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ, "ಸಾರ್, ಹಾಗಾದ್ರೆ ನನ್ನ ಹೀರೋ ಹಳಿ ಮೇಲೆ ಹೇಗೆ ನಿಲ್ತಾನೆ?" ಎಂದ. ಕಲಾವಿದ ಸ್ವಾಮಿ! ದುಃಖದಲ್ಲೂ ಕ್ಲೈಮ್ಯಾಕ್ಸ್ ಬಿಡೋದಿಲ್ಲ.

ಅವನಿಗೆ ಚಾಪ್ಲಿನ್ ಕಥೆ ಹೇಳಿದೆ. 1923ರ 'ಎ ವುಮನ್ ಆಫ್ ಪ್ಯಾರಿಸ್'ನಲ್ಲಿ ನಾಯಕಿ ಸ್ಟೇಷನ್ನಿನಲ್ಲಿ ಒಬ್ಬಳೇ ನಿಂತಿದ್ದಾಳೆ. ರೈಲು ಬರಬೇಕು. ಚಾಪ್ಲಿನ್ ರೈಲನ್ನು ತೋರಿಸಲೇ ಇಲ್ಲ. ಅವಳ ಮೇಲೆ ಬೋಗಿಯ ಕಿಟಕಿಗಳ ಬೆಳಕು ಒಂದಾದ ಮೇಲೊಂದು ಹಾದು ಹೋಗುತ್ತದೆ. ಅಷ್ಟೇ. ನೂರು ವರ್ಷ ಕಳೆದರೂ ಆ ರೈಲು ನಮಗೆ ಕಾಣುತ್ತಿದೆ.

ಸರಿ, ಕಿಟಕಿ ಕಿಟಕಿ ತೂತು ಮಾಡಿದ ಉದ್ದ ರಟ್ಟು ತಯಾರಾಯಿತು. ಸಂಜೆ ಕತ್ತಲಾದ ಮೇಲೆ ತಾರಸಿ ಮೇಲೆ ಹುಡುಗನನ್ನು ನಿಲ್ಲಿಸಿ, ಬಲ್ಬಿನ ಮುಂದೆ ರಟ್ಟನ್ನು ಸರ್ರನೆ ಎಳೆದೆವು. ಮುಖದ ಮೇಲೆ ಬೆಳಕು, ಕತ್ತಲೆ, ಬೆಳಕು, ಕತ್ತಲೆ. ಟೇಬಲ್ ಫ್ಯಾನ್ ಗಾಳಿಗೆ ಕೂದಲು ಹಾರಿತು. 'ಜಂಪ್' ಅಂದಾಗ ಹಾರಿ ಬಿದ್ದದ್ದು ನಮ್ಮ ಮನೆಯ ಹತ್ತಿ ಹಾಸಿಗೆ ಮೇಲೆ. ಅದರ ಹಿಂದೆ ಹಲಗೆಯ ಮೇಲಿನ ಷಾಟ್: ಕೈಮರ ಬಾಗುತ್ತದೆ, ಬೆಟ್ಟದ ಹಿಂದಿನಿಂದ ಇಂಜಿನ್ ಬರುತ್ತದೆ, ಏಳು ಸೆಕೆಂಡ್. ಸಾಂಬ್ರಾಣಿ ಹೊಗೆಯದು ಮಾತ್ರ ಬೇರೆ ಷಾಟು, ಎಂಟು ಪಟ್ಟು ನಿಧಾನ. ಕೈಮರದ ದಾರ ಎಳೆದವರು ಅಪ್ಪ. ಎಳೆಯುವ ಮುಂಚೆ ಎರಡೂ ಕಡೆ ನೋಡಿದರು, ಅಭ್ಯಾಸ.

ಒಂದು ಮಾತು ಹೇಳಿ ಮುಗಿಸುತ್ತೇನೆ. ಮಿಕಿ ಮೌಸ್ ಖ್ಯಾತಿಯ ವಾಲ್ಟ್ ಡಿಸ್ನಿಗೂ ಇದೇ ಹುಚ್ಚಿತ್ತು. ಲಾಸ್ ಏಂಜಲೀಸಿನ ತಮ್ಮ ಮನೆಯ ಹಿತ್ತಲಲ್ಲಿ ಅರ್ಧ ಮೈಲಿ ಹಳಿ ಹಾಕಿಸಿ, ಎಂಟನೇ ಒಂದು ಪಾಲು ಅಳತೆಯ ನಿಜವಾದ ಹಬೆ ಇಂಜಿನ್ ಓಡಿಸುತ್ತಿದ್ದರು. ಹೆಂಡತಿಯ ಹೂದೋಟ ಕೆಡದ ಹಾಗೆ ಅದರಡಿ ಸುರಂಗ ಕೊರೆಸಿದ್ದರಂತೆ. (ನಾನು ಕಪಾಟು ಉಳಿಸಿದ ಹಾಗೆ!) 1953ರಲ್ಲಿ ಅತಿಥಿಯೊಬ್ಬರು ವೇಗವಾಗಿ ಓಡಿಸಿ ಗಾಡಿ ಹಳಿ ತಪ್ಪಿತು, ಒಂದು ಪುಟ್ಟ ಹುಡುಗಿಗೆ ಹಬೆ ತಗುಲಿ ಸುಟ್ಟಿತು. ಡಿಸ್ನಿ ಆ ರೈಲನ್ನು ನಿಲ್ಲಿಸಿಬಿಟ್ಟರು. ಅಷ್ಟು ಪ್ರೀತಿಯ ರೈಲು! ರೈಲಿನ ಹುಚ್ಚು ಹೋಗಲಿಲ್ಲ ಅನ್ನಿ. 1955ರಲ್ಲಿ ಡಿಸ್ನಿಲ್ಯಾಂಡ್ ಶುರುವಾದಾಗ ಅದರ ಸುತ್ತ ರೈಲು ಇದ್ದೇ ಇತ್ತು.

ಹುಡುಗ ಎಡಿಟಿಂಗ್ ಮುಗಿಸಿ ನಿನ್ನೆ ತಂದು ತೋರಿಸಿದ. ನನಗೆ ಹಿಡಿಸಿತು. ಹಾಸಿಗೆಯ ಒಂದು ಮೂಲೆ ಫ್ರೇಮಿನಲ್ಲಿ ಕಾಣುತ್ತದೆ, ಹೇಳಿದ್ದೇನೆ. ಅಪ್ಪ ಎರಡು ಸಲ ನೋಡಿದರು. "ಸಿಗ್ನಲ್ ಬಿದ್ದಿದೆ, ಸರಿಯಾಗಿದೆ" ಎಂದು ಎದ್ದು ಹೋದರು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ನೀವೂ ಕಟ್ಟಿ, ಮಿತ್ರರೇ. ಎಂಟಡಿ ಇಲ್ಲದಿದ್ದರೆ ನಾಲ್ಕಡಿ. ಹಲಗೆ ಇಲ್ಲದಿದ್ದರೆ ಮಂಚದ ಕೆಳಗಿನ ಹಳೇ ಬಾಗಿಲು. ಈ ಪತ್ರಿಕೆಯನ್ನು ಓದಿ ಮುಗಿಸಿದ ಮೇಲೆ ಬೆಟ್ಟ ಮಾಡಿಕೊಳ್ಳಿ, ಸಂಪಾದಕರಿಗೆ ನಾನು ಹೇಳಿಕೊಳ್ತೀನಿ. ಹೀರೋ ಆಗೋಕೆ ಹಳಿ ಮೇಲೆ ಮಾತ್ರ ನಿಲ್ಲಬೇಡಿ. ರಾತ್ರಿ ಆಟ ಮುಗಿಸಿ ಬರುವಾಗ ರಸ್ತೆಯಲ್ಲೇ ಬನ್ನಿ, ದೂರವಾದರೂ ಪರವಾಗಿಲ್ಲ.

ಮುಂದಿನ ವಾರ ಸಿಗೋಣ.